ಕೋವಿಡ್ ಹೋದರೂ ಮಗುವಿನ ಸುಸ್ತು ಹೋಗದಿದ್ದರೆ: ಪಾಲಕರಿಗೊಂದು ಹಂತವಾರು ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಜಿಲ್ಲೆಗಳ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ. ಮಗಳಿಗೆ ಜ್ವರ ಬಂದು ನಾಲ್ಕು ದಿನಕ್ಕೆ ಇಳಿಯಿತು, ಆದರೆ ನಾಲ್ಕು ತಿಂಗಳಾದರೂ ಮೊದಲಿನ ಹಾಗೆ ಆಗಿಲ್ಲ, ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿಯಿದೆ ಎನ್ನುತ್ತಾರೆ, ಶಾಲೆಯಲ್ಲಿ ನೆಪ ಹೇಳುತ್ತಾಳೆ ಎನ್ನುತ್ತಾರೆ, ನಾವೇನು ಮಾಡಬೇಕು? ಇದಕ್ಕೆ ಬಿಡಿ ಬಿಡಿಯಾಗಿ ಉತ್ತರಿಸುವುದಕ್ಕಿಂತ, ಮನೆಯಲ್ಲಿ ಮಾಡಬೇಕಾದದ್ದರಿಂದ ಆರಂಭಿಸಿ ಆಸ್ಪತ್ರೆ ಮತ್ತು ಶಾಲೆಯವರೆಗಿನ ಕೆಲಸವನ್ನು ಒಂದೇ ಕಡೆ ಕ್ರಮವಾಗಿ ಬರೆದಿಡುವುದು ಮೇಲೆಂದು ತೋರಿತು. ಇದು ವೈದ್ಯರ ಬದಲಿಗೆ ಓದುವ ಲೇಖನವಲ್ಲ, ವೈದ್ಯರ ಬಳಿ ಸಿದ್ಧರಾಗಿ ಹೋಗಲು ಓದುವ ಲೇಖನ.

ಮೊದಲು ದೀರ್ಘ ಕೋವಿಡ್ ಎಂಬ ಹೆಸರಿನ ಅರ್ಥ. ಕೊರೊನಾ ಸೋಂಕು ತಗುಲಿದ 3 ತಿಂಗಳೊಳಗೆ ಆರಂಭವಾಗಿ, ಕನಿಷ್ಠ 2 ತಿಂಗಳು ಉಳಿದು, ಮಗುವಿನ ಊಟ, ಆಟ, ಓದು, ನಡವಳಿಕೆ, ಒಡನಾಟ ಇವುಗಳಲ್ಲಿ ಯಾವುದನ್ನಾದರೂ ಕೆಡಿಸುವ ತೊಂದರೆಗಳನ್ನು ದೀರ್ಘ ಕೋವಿಡ್ ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರಿಗಾಗಿ 2021ರ ಅಕ್ಟೋಬರಿನಲ್ಲಿ ಒಂದು ವ್ಯಾಖ್ಯೆ ಮಾಡಿತ್ತು. ಮಕ್ಕಳಿಗೆಂದೇ ಬೇರೆ ವ್ಯಾಖ್ಯೆ ಬಂದದ್ದು 2023ರ ಫೆಬ್ರುವರಿಯಲ್ಲಿ. ಮಕ್ಕಳ ತೊಂದರೆ ತಡವಾಗಿ ಕಣ್ಣಿಗೆ ಬಿತ್ತು ಎಂಬುದಕ್ಕೆ ಈ ಅಂತರವೇ ಸಾಕ್ಷಿ. ಲಕ್ಷಣಗಳು ಒಂದೇ ಸಮನೆ ಇರಬೇಕೆಂದಿಲ್ಲ, ಕಡಿಮೆಯಾಗಿ ಮತ್ತೆ ಮರುಕಳಿಸಬಹುದು. ಸೋಂಕು ಜೋರಾಗಿ ಬಂದಿರಬೇಕೆಂದೂ ಇಲ್ಲ, ಬರಿ ನೆಗಡಿಯಂತೆ ಬಂದು ಹೋದ ಮಕ್ಕಳಲ್ಲಿಯೂ ಇದು ಕಂಡುಬರುತ್ತದೆ. ವೈರಾಣುವಿನ ತುಣುಕುಗಳು ದೇಹದಲ್ಲಿ ಉಳಿಯುವುದು, ರೋಗನಿರೋಧಕ ವ್ಯವಸ್ಥೆ ಹದ ತಪ್ಪುವುದು, ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ನಮ್ಮ ಅರಿವಿಲ್ಲದೆ ನಡೆಸುವ ಸ್ವಯಂಚಾಲಿತ ನರಮಂಡಲ ತಪ್ಪಾಗಿ ನಡೆಯುವುದು ಮುಂತಾದ ಕಾರಣಗಳನ್ನು ಸಂಶೋಧಕರು ಪರಿಶೀಲಿಸುತ್ತಿದ್ದಾರೆ. ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತ ಪರೀಕ್ಷೆ ಇಲ್ಲ. ಬಹಳಷ್ಟು ಮಕ್ಕಳು ತಿಂಗಳುಗಳು ಕಳೆದಂತೆ ಸುಧಾರಿಸುತ್ತಾರೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಲೇಖನವನ್ನು ಗಾಬರಿಯಿಂದ ಓದುವವರೇ ಹೆಚ್ಚು.

ಮನೆಯವರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಮಗುವಿನ ಸುಸ್ತನ್ನು ಮೈಗಳ್ಳತನ ಎಂದು ತೀರ್ಮಾನಿಸುವುದು ಮೊದಲನೆಯದು. ಎಲ್ಲವನ್ನೂ ಕೊರೊನಾದ ತಲೆಗೆ ಕಟ್ಟಿ, ಚಿಕಿತ್ಸೆಯಿರುವ ಬೇರೊಂದು ಕಾಯಿಲೆಯನ್ನು ಕಣ್ತಪ್ಪಿಸಿಕೊಳ್ಳುವುದು ಎರಡನೆಯದು. ಕೆಳಗಿನ ಹಂತಗಳು ಈ ಎರಡರ ನಡುವೆ ನಡೆಯುವ ದಾರಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ: 100 ಪುಟದ ಒಂದು ನೋಟ್‌ಬುಕ್, ಜ್ವರಮಾಪಕ, ಸೆಕೆಂಡ್ ಮುಳ್ಳಿರುವ ಗಡಿಯಾರ, ಮತ್ತು ಹಳೆಯ ಚೀಟಿ, ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದ ಒಂದು ಫೈಲು.

ಹಂತ 1: ಕಾಯಬಾರದ ಲಕ್ಷಣಗಳನ್ನು ಮೊದಲು ನೋಡಿ

ಡೈರಿ, ವಿಶ್ರಾಂತಿ ಎಲ್ಲವೂ ಆಮೇಲೆ. ಸೋಂಕಾದ 2ರಿಂದ 6 ವಾರಗಳಲ್ಲಿ ಕೆಲವೇ ಮಕ್ಕಳಿಗೆ ಬಹು ಅಂಗಾಂಗಗಳ ಉರಿಯೂತ ಎಂಬ ಗಂಭೀರ ಸ್ಥಿತಿ ಬರುತ್ತದೆ. ಬಿಡದ ಜ್ವರ, ಮೈಮೇಲೆ ಗಂಧೆ, ಕೆಂಪಾದ ಕಣ್ಣು, ಕೆಂಪಾದ ತುಟಿ ಮತ್ತು ನಾಲಗೆ, ಹೊಟ್ಟೆನೋವು, ವಾಂತಿಭೇದಿ, ತಣ್ಣಗಾದ ಕೈಕಾಲು ಇವುಗಳಲ್ಲಿ ಕೆಲವು ಒಟ್ಟಾಗಿ ಕಂಡರೆ ಅದೇ ದಿನ ಮಕ್ಕಳ ವಿಭಾಗವಿರುವ ಆಸ್ಪತ್ರೆಗೆ ಹೋಗಬೇಕು. ಇದು ದೀರ್ಘ ಕೋವಿಡ್ ಅಲ್ಲ. ಹೃದಯಕ್ಕೆ ಅಪಾಯ ತರಬಲ್ಲ, ಆದರೆ ಸಮಯಕ್ಕೆ ಸಿಕ್ಕರೆ ಚಿಕಿತ್ಸೆಗೆ ಬಗ್ಗುವ ಬೇರೆಯೇ ಸ್ಥಿತಿ.

ಯಾವಾಗ ಕಂಡರೂ ತಡಮಾಡಬಾರದ ಬೇರೆ ಸಂಗತಿಗಳಿವೆ. ಓಡುವಾಗ ಅಥವಾ ಆಡುವಾಗ ಎದೆನೋವು ಬರುವುದು, ಮೂರ್ಛೆ ಹೋಗುವುದು, ಸುಮ್ಮನೆ ಕೂತಾಗಲೂ ಉಸಿರು ಸಾಲದಿರುವುದು, ತುಟಿ ನೀಲಿಗಟ್ಟುವುದು, ಫಿಟ್ಸ್ ಬರುವುದು, ಮೈಯ ಒಂದು ಬದಿಯ ಕೈ ಅಥವಾ ಕಾಲು ಬಲ ಕಳೆದುಕೊಳ್ಳುವುದು, ಇವುಗಳಿಗೆ 108ಕ್ಕೆ ಕರೆ ಮಾಡಿ. ಎಡೆಬಿಡದ ಬಾಯಾರಿಕೆಯ ಜೊತೆ ಪದೇ ಪದೇ ಮೂತ್ರಕ್ಕೆ ಹೋಗಿ ಮಗು ಸೊರಗುತ್ತಿದ್ದರೆ ಅದು ಮಕ್ಕಳ ಸಕ್ಕರೆ ಕಾಯಿಲೆ ಇರಬಹುದು. ರಕ್ತದ ಸಕ್ಕರೆಯನ್ನು ಅಂದೇ ನೋಡಿಸಬೇಕು. ಸಾಯುವ ಮಾತನ್ನು ಮಗು ಒಮ್ಮೆ ಆಡಿದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತನಾಡಬಹುದು.

ಹಂತ 2: ಸೋಂಕಿನ ಕಾಲವನ್ನು ಗುರುತಿಸಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಜ್ವರ ಬಂದದ್ದು ಯಾವಾಗ, ಮನೆಯಲ್ಲಿ ಮತ್ತಾರಿಗೆ ಬಂದಿತ್ತು, ಪರೀಕ್ಷೆ ಆಗಿತ್ತೇ, ವಾಸನೆ ಹೋಗಿತ್ತೇ, ಮಗು ಪೂರ್ತಿ ಗುಣವಾಯಿತು ಎನಿಸಿದ್ದು ಯಾವಾಗ, ಮತ್ತೆ ಕುಸಿದದ್ದು ಯಾವಾಗ ಎಂದು ಬರೆಯಿರಿ. ತಾರೀಖು ನೆನಪಿಲ್ಲದಿದ್ದರೆ ಬನಶಂಕರಿ ಜಾತ್ರೆಗೆ ಮುಂಚೆ, ಜೋಳದ ರಾಶಿ ಆದ ಮೇಲೆ, ದಸರಾ ರಜೆಯಲ್ಲಿ ಎಂದು ಬರೆದರೂ ವೈದ್ಯರಿಗೆ ಅರ್ಥವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಪರೀಕ್ಷೆಯೇ ಆಗದ ಮಕ್ಕಳು ಅನೇಕರಿದ್ದಾರೆ. ರಿಪೋರ್ಟು ಇಲ್ಲ ಎಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯು ಖಚಿತವಾದ ಸೋಂಕಿನಂತೆಯೇ ಸಂಭವನೀಯ ಸೋಂಕನ್ನೂ ಒಪ್ಪುತ್ತದೆ.

ಇಲ್ಲಿನ ಎಡವು ಪ್ರತಿಕಾಯ ಪರೀಕ್ಷೆ, ಅಂದರೆ ವೈರಾಣುವನ್ನು ಎದುರಿಸಲು ದೇಹ ತಯಾರಿಸಿಕೊಂಡ ವಸ್ತುಗಳನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ. ಹಳೆಯ ಸೋಂಕನ್ನು ಸಾಬೀತು ಮಾಡಲೆಂದು ಈಗ ಆ ಪರೀಕ್ಷೆಗೆ ದುಡ್ಡು ಕೊಡಬೇಡಿ. ಇಷ್ಟು ವರ್ಷಗಳಲ್ಲಿ ಹೆಚ್ಚಿನವರ ರಕ್ತದಲ್ಲಿ ಸೋಂಕಿನಿಂದಲೋ ಲಸಿಕೆಯಿಂದಲೋ ಪ್ರತಿಕಾಯಗಳು ಇದ್ದೇ ಇರುತ್ತವೆ. ಆ ಫಲಿತಾಂಶದಿಂದ ಮಗುವಿನ ಸುಸ್ತಿನ ಕಾರಣ ತಿಳಿಯುವುದಿಲ್ಲ.

ಹಂತ 3: ಎರಡು ವಾರ ಡೈರಿ ಬರೆಯಿರಿ

ಎಲ್ಲ ಹಂತಗಳಲ್ಲಿ ಒಂದನ್ನೇ ಮಾಡಲು ನಿಮಗೆ ಸಾಧ್ಯ ಎಂದಾದರೆ ಇದನ್ನೇ ಮಾಡಿ ಎನ್ನುತ್ತೇನೆ. ದಿನಕ್ಕೆ ಅರ್ಧ ಪುಟ ಸಾಕು. ಎದ್ದ ಹೊತ್ತು, ಮಲಗಿದ ಹೊತ್ತು, ಶಾಲೆಗೆ ಹೋಯಿತೇ, ಎಷ್ಟು ನಡೆಯಿತು, ಎಷ್ಟು ಹೊತ್ತು ಓದಿತು, ಮೊಬೈಲು ಎಷ್ಟು ಹೊತ್ತು ನೋಡಿತು, ಏನು ತಿಂದಿತು, ಬೆಳಿಗ್ಗೆ ಮತ್ತು ಸಂಜೆ ಶಕ್ತಿಗೆ 10ರಲ್ಲಿ ಎಷ್ಟು ಅಂಕ ಕೊಡುತ್ತದೆ, ಇಷ್ಟನ್ನು ಬರೆಯಿರಿ.

ಮಗುವನ್ನು ಪುಸ್ತಕದ ಭಾಷೆಯಲ್ಲಿ ಕೇಳಬೇಡಿ. ಆಯಾಸವಾಗುತ್ತಿದೆಯೇ ಎಂದರೆ ಎಂಟು ವರ್ಷದ ಮಗು ಇಲ್ಲ ಎಂದೀತು. ಅದೇ ಮಗು ಆಟದ ನಡುವೆ ಬಂದು "ಅವ್ವಾ, ಕಾಲು ಸೆಳೀತಾವ", "ಚಕ್ಕರ್ ಬಂದಂಗ ಆಗ್ತೈತಿ", "ಎದಿ ಧಡಧಡ ಅಂತೈತಿ", "ತಲಿಶೂಲಿ" ಎಂದು ಹೇಳುತ್ತದೆ. ಆ ಮಾತುಗಳನ್ನು ಹಾಗೆಯೇ ಬರೆದಿಡಿ, ತಿದ್ದಬೇಡಿ. ಚಿಕ್ಕ ಮಕ್ಕಳು ಹೇಳುವುದೂ ಇಲ್ಲ, ನಡವಳಿಕೆಯಲ್ಲಿ ತೋರಿಸುತ್ತಾರೆ: ಎತ್ತಿಕೋ ಎನ್ನುತ್ತಾರೆ, ಹಟ ಮಾಡುತ್ತಾರೆ, ಇಷ್ಟದ ತಿಂಡಿಯನ್ನು ಬಿಡುತ್ತಾರೆ.

ವಯಸ್ಸಿಗೆ ತಕ್ಕಂತೆ ಲಕ್ಷಣಗಳು ಬದಲಾಗುತ್ತವೆ ಎಂಬುದನ್ನು ಅಮೆರಿಕದ ರಿಕವರ್ ಎಂಬ ದೊಡ್ಡ ಅಧ್ಯಯನ 2024ರಲ್ಲಿ ತೋರಿಸಿತು. 6ರಿಂದ 11 ವರ್ಷದವರಲ್ಲಿ ತಲೆನೋವು, ಹೊಟ್ಟೆಯ ತೊಂದರೆ, ನಿದ್ದೆಗೇಡು, ಗಮನ ಮತ್ತು ನೆನಪಿನ ತೊಡಕು ಎದ್ದು ಕಂಡವು. 12ರಿಂದ 17 ವರ್ಷದವರಲ್ಲಿ ಹಗಲಿನ ದಣಿವು, ಮೈಕೈ ಮತ್ತು ಕೀಲುಗಳ ನೋವು, ವಾಸನೆ ಅಥವಾ ರುಚಿಯ ನಷ್ಟ ಮುಂದಿದ್ದವು. ಅದೇ ಅಧ್ಯಯನದ ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಸೋಂಕಾಗಿದ್ದ 6ರಿಂದ 11ರ ವಯಸ್ಸಿನವರಲ್ಲಿ ಶೇ 45ರಷ್ಟು ಮಕ್ಕಳಿಗೆ ಒಂದಾದರೂ ದೀರ್ಘಕಾಲದ ಲಕ್ಷಣ ಇತ್ತು. ಸೋಂಕೇ ಆಗದಿದ್ದವರಲ್ಲೂ ಶೇ 33ರಷ್ಟು ಮಕ್ಕಳಿಗೆ ಇತ್ತು. ಅಂದರೆ ಒಂದು ಲಕ್ಷಣ ಕಂಡ ಮಾತ್ರಕ್ಕೆ ದೀರ್ಘ ಕೋವಿಡ್ ಎನ್ನಲು ಬರುವುದಿಲ್ಲ, ಹಲವು ಲಕ್ಷಣಗಳ ಒಟ್ಟು ಚಿತ್ರವನ್ನೇ ನೋಡಬೇಕು.

ಡೈರಿಯಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಶ್ರಮದ ನಂತರದ ಕುಸಿತ. ಸಾಮಾನ್ಯ ದಣಿವಾದರೆ ರಾತ್ರಿಯ ನಿದ್ದೆಗೆ ಹೋಗುತ್ತದೆ. ಇದು ಹಾಗಲ್ಲ: ಶ್ರಮಪಟ್ಟ ದಿನ ಮಗು ಚೆನ್ನಾಗಿಯೇ ಇರಬಹುದು, ಮರುದಿನ ಅಥವಾ ಅದರ ಮರುದಿನ ಇದ್ದಕ್ಕಿದ್ದಂತೆ ಬೀಳುತ್ತದೆ, ಮತ್ತು ಏಳಲು ದಿನಗಳು, ಕೆಲವೊಮ್ಮೆ ವಾರಗಳು ಬೇಕಾಗುತ್ತವೆ. ಶನಿವಾರ ಕ್ರೀಡಾಕೂಟದಲ್ಲಿ ಓಡಿದ ಹುಡುಗ ಸೋಮವಾರ ಹಾಸಿಗೆಯಿಂದ ಏಳದಿದ್ದಾಗ, ನಡುವಿನ ಭಾನುವಾರ ಅವನು ನಗುತ್ತಿದ್ದ ಕಾರಣ ಯಾರೂ ಈ ಎರಡನ್ನು ಜೋಡಿಸುವುದಿಲ್ಲ. ಸೋಮವಾರವೇ ಬರುತ್ತದಲ್ಲ ನಿನ್ನ ಕಾಯಿಲೆ ಎಂದು ಬೈಯುತ್ತಾರೆ. ಎರಡು ವಾರದ ಡೈರಿ ಈ ಕೊಂಡಿಯನ್ನು ಕಾಗದದ ಮೇಲೆ ತೋರಿಸಿಬಿಡುತ್ತದೆ.

ಹಂತ 4: ವೈದ್ಯರಲ್ಲಿ ಬೇರೆ ಕಾರಣಗಳನ್ನು ಪರಿಶೀಲಿಸಿಕೊಳ್ಳಿ

ಡೈರಿ ಮತ್ತು ಫೈಲಿನೊಂದಿಗೆ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಮುಂದಕ್ಕೆ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಬಿಮ್ಸ್, ಬಾಗಲಕೋಟೆ ಮತ್ತು ವಿಜಯಪುರದ ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗಗಳಿವೆ. ಮೂರೂ ನಗರಗಳಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ. ಶಾಲೆಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು 18 ವರ್ಷದವರೆಗಿನ ಮಕ್ಕಳನ್ನು ನೋಡಿ ಮೇಲಿನ ಆಸ್ಪತ್ರೆಗೆ ಕಳಿಸಬಲ್ಲದು, ಆ ದಿನ ಮಗುವಿನ ವಿಷಯವನ್ನು ತಂಡಕ್ಕೆ ತಿಳಿಸಲು ಶಿಕ್ಷಕರಿಗೆ ಹೇಳಿಡಿ.

ನಮ್ಮ ಭಾಗದಲ್ಲಿ ಸುಸ್ತಿಗೆ ಮೊದಲು ನೋಡಬೇಕಾದ ಕಾರಣ ರಕ್ತಹೀನತೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು, ಹುಡುಗರಲ್ಲಿ ಶೇ 31ರಷ್ಟು ಮಂದಿಗೆ ರಕ್ತ ಕಡಿಮೆ ಇತ್ತು. ಮುಟ್ಟಿನಲ್ಲಿ ಹೆಚ್ಚು ಸ್ರಾವವಾಗುವ ಹುಡುಗಿಯ ದಣಿವಿಗೆ ಕೊರೊನಾವನ್ನು ಹುಡುಕುವ ಮುನ್ನ ಹಿಮೋಗ್ಲೋಬಿನ್ ನೋಡಿಸಿ. ದೇಹದಲ್ಲಿನ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್, ಥೈರಾಯಿಡ್, ಬಿ12 ಮತ್ತು ಡಿ ಜೀವಸತ್ವ, ರಕ್ತದ ಸಕ್ಕರೆ, ಉರಿಯೂತದ ಸೂಚಕಗಳು, ಮೂತ್ರ ಪರೀಕ್ಷೆ, ಎದೆ ಹೊಡೆದುಕೊಳ್ಳುತ್ತಿದ್ದರೆ ಇಸಿಜಿ, ಇವು ಬೇಕೇ ಎಂದು ವೈದ್ಯರನ್ನು ಕೇಳಿ. 2 ವಾರ ಮೀರಿದ ಕೆಮ್ಮು ಅಥವಾ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ನಿಂತಾಗ ಚಕ್ಕರ್ ಬರುವ, ಎದೆ ಹೊಡೆದುಕೊಳ್ಳುವ ಹದಿಹರೆಯದವರಲ್ಲಿ ಇನ್ನೊಂದು ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಮಗುವನ್ನು ಹತ್ತು ನಿಮಿಷ ಅಂಗಾತ ಮಲಗಿಸಿ ನಾಡಿ ಎಣಿಸುತ್ತಾರೆ, ನಂತರ ಗೋಡೆಗೆ ಒರಗಿ ಹತ್ತು ನಿಮಿಷ ನಿಲ್ಲಿಸಿ ಪ್ರತಿ ನಿಮಿಷ ನಾಡಿಯನ್ನೂ ರಕ್ತದೊತ್ತಡವನ್ನೂ ನೋಡುತ್ತಾರೆ. 12ರಿಂದ 19 ವರ್ಷದವರಲ್ಲಿ ರಕ್ತದೊತ್ತಡ ಇಳಿಯದೆಯೇ ನಾಡಿ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಏರಿ ಅಲ್ಲಿಯೇ ನಿಂತರೆ, ಪಾಟ್ಸ್ ಎಂಬ ಸ್ಥಿತಿಯ ಸಂಶಯ ಬರುತ್ತದೆ. ನಿಂತಾಗ ರಕ್ತ ಕಾಲಿಗಿಳಿದು, ಅದನ್ನು ಮಿದುಳಿಗೆ ಏರಿಸಲು ಹೃದಯ ವಿಪರೀತ ದುಡಿಯಬೇಕಾಗುವ ತೊಂದರೆ ಇದು. ಪರೀಕ್ಷೆಯನ್ನು ಆಸ್ಪತ್ರೆಯಲ್ಲಿಯೇ ಮಾಡಿಸಿ, ಮಗು ಬೀಳುವ ಸಂಭವವಿದೆ. ಪಾಟ್ಸ್ ಎಂದು ತಿಳಿದರೆ ನೀರು, ಉಪ್ಪು, ಕಾಲಿಗೆ ಬಿಗಿ ಕಾಲುಚೀಲ, ಬೇಕಾದಲ್ಲಿ ಔಷಧಿ ಹೀಗೆ ಮಾಡಲು ಕೆಲಸಗಳಿವೆ. ಉಪ್ಪನ್ನು ಮಾತ್ರ ವೈದ್ಯರು ಹೇಳಿದ ಮೇಲೆ ಹೆಚ್ಚಿಸಿ. ವಿಜಯಪುರದ ಏಪ್ರಿಲ್, ಮೇ ಬಿಸಿಲಿನಲ್ಲಿ ಈ ಮಕ್ಕಳಿಗೆ ಕಷ್ಟ ಇಮ್ಮಡಿಯಾಗುತ್ತದೆ. ಮಜ್ಜಿಗೆಯ ಬಾಟಲಿ ಅವರ ಕೈಯಲ್ಲೇ ಇರಲಿ.

ಈ ಹಂತದಲ್ಲಿ ದುಡ್ಡೂ ಮೈಯೂ ಹಾಳಾಗುವ ಎಡವುಗಳಿವೆ. ಸುಸ್ತೆಂದ ಕೂಡಲೇ ಸಲೈನ್ ಹಚ್ಚಿ ಎಂದು ನೀವೇ ಕೇಳುವುದನ್ನು ಬಿಡಿ: ವಾಂತಿಭೇದಿಯಿಂದ ನೀರಿನಂಶ ಹೋಗಿದ್ದಾಗ ಅದಕ್ಕೆ ಕೆಲಸವಿದೆ, ತಿಂಗಳುಗಟ್ಟಲೆ ಉಳಿದ ದಣಿವಿಗೆ ಅದು ಮದ್ದಲ್ಲ. ಹೊಸ ಸೋಂಕಿನ ಗುರುತಿಲ್ಲದೆ ಮತ್ತೆ ಮತ್ತೆ ಆ್ಯಂಟಿಬಯೋಟಿಕ್, ಕಾರಣ ಹೇಳದೆ ಕೊಡುವ ಸ್ಟೀರಾಯ್ಡ್, ಹೆಸರಿಲ್ಲದ ಪುಡಿ ಇವನ್ನು ಒಪ್ಪಿಕೊಳ್ಳಬೇಡಿ. ಡಿ ಜೀವಸತ್ವವನ್ನು ವಾರ ವಾರ ಅಳತೆಯಿಲ್ಲದೆ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ದೀರ್ಘ ಕೋವಿಡ್‌ಗೆಂದೇ ಒಪ್ಪಿಗೆ ಪಡೆದ ಔಷಧಿ ಮಕ್ಕಳಿಗೆ ಇನ್ನೂ ಬಂದಿಲ್ಲವಾದ್ದರಿಂದ, ಗುಣಪಡಿಸಿಯೇ ಕೊಡುತ್ತೇವೆ ಎಂದು ಪ್ಯಾಕೇಜು ಮಾರುವವರನ್ನು ನಂಬಬೇಡಿ.

ಎಲ್ಲ ರಿಪೋರ್ಟುಗಳೂ ಸರಿ ಬಂದರೆ? ಆ ಪರೀಕ್ಷೆಗಳು ಹುಡುಕಿದ ಕಾಯಿಲೆಗಳು ಇಲ್ಲ ಎಂದು ಅರ್ಥ, ಮಗು ಸುಳ್ಳು ಹೇಳುತ್ತಿದೆ ಎಂದು ಅರ್ಥವಲ್ಲ. ಈ ಮಾತನ್ನು ಮಗುವಿನ ಎದುರಿಗೇ ವೈದ್ಯರಿಂದ ಹೇಳಿಸಿ.

ಹಂತ 5: ಶಕ್ತಿಯನ್ನು ಅಳೆದು ಖರ್ಚು ಮಾಡಲು ಕಲಿಸಿ

ಹಿಂದೆ ನಮ್ಮ ಮನೆಗಳಲ್ಲಿ ನೆಲದೊಳಗಿನ ಕಣಜವಾದ ಹಗೇವಿನಿಂದ ಜೋಳ ತೆಗೆಯುವಾಗ ಮುಂದಿನ ರಾಶಿಯವರೆಗೆ ಎಷ್ಟು ಬೇಕು ಎಂಬ ಲೆಕ್ಕವಿಟ್ಟೇ ತೆಗೆಯುತ್ತಿದ್ದರು. ಬರದ ವರ್ಷ ಆ ಲೆಕ್ಕ ಇನ್ನೂ ಬಿಗಿಯಾಗುತ್ತಿತ್ತು. ಶ್ರಮದ ನಂತರದ ಕುಸಿತ ಇರುವ ಮಗುವಿನ ಶಕ್ತಿಯನ್ನು ಹಾಗೆ ಬಳಸಬೇಕು. ಇದನ್ನು ಮಿತಿಯೊಳಗಿನ ನಡೆ ಎನ್ನೋಣ. ದಣಿದ ಮೇಲೆ ನಿಲ್ಲಿಸುವುದು ಇದರ ಸೂತ್ರವಲ್ಲ, ದಣಿಯುವ ಮುನ್ನ ನಿಲ್ಲಿಸುವುದು ಇದರ ಸೂತ್ರ.

ಡೈರಿ ನೋಡಿ, ಯಾವ ದಿನಗಳ ನಂತರ ಕುಸಿತ ಬಂದಿಲ್ಲವೋ ಆ ದಿನಗಳಲ್ಲಿ ಮಗು ಒಟ್ಟು ಎಷ್ಟು ಕೆಲಸ ಮಾಡಿತ್ತು ಎಂದು ಕಂಡುಕೊಳ್ಳಿ. ಅದೇ ಬುಡದ ಅಳತೆ. ಒಳ್ಳೆಯ ದಿನವೂ ಅದನ್ನು ಮೀರಬಾರದು, ಕೆಟ್ಟ ದಿನ ಅದಕ್ಕಿಂತ ಕಡಿಮೆ ಮಾಡಿದರೂ ನಡೆಯುತ್ತದೆ. ಒಂದು ತಾಸಿನ ಓದನ್ನು 15 ನಿಮಿಷದ ತುಂಡು ಮಾಡಿ, ನಡುವೆ ಕಣ್ಣು ಮುಚ್ಚಿ ಮಲಗಿಸಿ. ಮೊಬೈಲು ನೋಡುತ್ತ ಮಲಗುವುದು ವಿಶ್ರಾಂತಿಯಲ್ಲ. ಓದು, ಲೆಕ್ಕ, ಬಹಳ ಜನರಿರುವ ಮದುವೆ ಮನೆ, ಅಳು, ಜಗಳ ಇವೂ ನಡಿಗೆಯಷ್ಟೇ ಶಕ್ತಿಯನ್ನು ತಿನ್ನುತ್ತವೆ. ಇದನ್ನು ಅಜ್ಜ ಅಜ್ಜಿಯರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮಗುವಿಗೆ ಇಷ್ಟವಾದ ಒಂದು ಕೆಲಸಕ್ಕೆ ದಿನದ ಪಾಲಿನಲ್ಲಿ ಜಾಗವಿಡಿ. ಎಲ್ಲವನ್ನೂ ಓದಿಗೆ ಸುರಿದು ಆಟವನ್ನು ಪೂರ್ತಿ ಕಿತ್ತುಕೊಂಡರೆ ಮಗು ಈ ಲೆಕ್ಕಕ್ಕೆ ಒಪ್ಪುವುದಿಲ್ಲ.

ಎರಡು ವಾರ ಕುಸಿತವಿಲ್ಲದೆ ಕಳೆದರೆ ಒಂದೇ ಒಂದು ಸಂಗತಿಯನ್ನು ಸ್ವಲ್ಪವೇ ಹೆಚ್ಚಿಸಿ, ಉದಾಹರಣೆಗೆ ಐದು ನಿಮಿಷದ ನಡಿಗೆ. ಮತ್ತೆ ಕಾದು ನೋಡಿ. ಕುಸಿತ ಬಂದರೆ ಹಿಂದಿನ ಅಳತೆಗೆ ಮರಳಿ, ಅದನ್ನು ಸೋಲೆಂದು ಮಗುವಿಗೆ ಅನಿಸಗೊಡಬೇಡಿ.

ಅತಿ ದೊಡ್ಡ ಎಡವು ಒಳ್ಳೆಯ ದಿನ. ಮಗು ನಗುತ್ತ ಎದ್ದಿತೆಂದು ಬಿಟ್ಟುಹೋದ ಪಾಠಗಳನ್ನೆಲ್ಲ ಅಂದೇ ಬರೆಸಿದರೆ ಮುಂದಿನ ವಾರ ಹಾಸಿಗೆಯಲ್ಲಿ ಕಳೆಯುತ್ತದೆ. ಎರಡನೆಯ ಎಡವು, ಓಡಿದರೆ ಮೈ ಗಟ್ಟಿಯಾಗುತ್ತದೆ ಎಂಬ ನಂಬಿಕೆ. ತಾಲೀಮಿಗೆ ಹೋಗುವ ಹುಡುಗರು, ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಂಗ್ ಮಕ್ಕಳು ಈ ನಂಬಿಕೆಯಲ್ಲೇ ಬೆಳೆದವರು. ಅವರ ಉಸ್ತಾದರಿಗೂ ತರಬೇತುದಾರರಿಗೂ ನೀವು ಮುಖತಃ ಹೇಳಬೇಕು. ಇದೇ ಬಗೆಯ ಕುಸಿತವಿರುವ ದೀರ್ಘಕಾಲಿಕ ದಣಿವಿನ ಕಾಯಿಲೆಗೆ, ದಿನದಿನಕ್ಕೆ ವ್ಯಾಯಾಮವನ್ನು ಕಡ್ಡಾಯವಾಗಿ ಏರಿಸುವ ಚಿಕಿತ್ಸೆಯನ್ನು ಕೊಡಬಾರದೆಂದು ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಎದೆನೋವು ಅಥವಾ ಎದೆ ಹೊಡೆದುಕೊಳ್ಳುವುದು ಇದ್ದವರು ವೈದ್ಯರು ನೋಡಿ ಒಪ್ಪುವವರೆಗೆ ಮೈದಾನಕ್ಕೆ ಇಳಿಯಲೇಬಾರದು.

ಹಾಗೆಂದು ಎಲ್ಲ ಮಕ್ಕಳಿಗೂ ಹಾಸಿಗೆಯೇ ಮದ್ದಲ್ಲ. ಕುಸಿತದ ಗುರುತು ಡೈರಿಯಲ್ಲಿ ಎಲ್ಲೂ ಇಲ್ಲದ ಮಗು ವೈದ್ಯರ ಸಲಹೆಯಂತೆ ನಿಧಾನವಾಗಿ ಆಟಕ್ಕೆ ಮರಳಬಹುದು. ಅಂಥ ಮಗುವನ್ನು ತಿಂಗಳುಗಟ್ಟಲೆ ಮಲಗಿಸಿಟ್ಟರೆ ಸ್ನಾಯುಗಳ ಬಲ ಇಳಿದು ಬೇರೆಯೇ ಸುಸ್ತು ಸೇರಿಕೊಳ್ಳುತ್ತದೆ.

ಹಂತ 6: ನಿದ್ದೆ, ತಲೆನೋವು, ವಾಸನೆ

ಮಲಗುವ ಮತ್ತು ಏಳುವ ಹೊತ್ತು ರಜೆಯಲ್ಲೂ ಒಂದೇ ಇರಲಿ. ತಲೆನೋವಿನ ಮಾತ್ರೆಯನ್ನು ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಕೊಡಬೇಕಾಗಿ ಬರುತ್ತಿದ್ದರೆ ವೈದ್ಯರಿಗೆ ತಿಳಿಸಿ. ಮಾತ್ರೆಯ ಅತಿಬಳಕೆಯೇ ತಲೆನೋವನ್ನು ತರಬಲ್ಲದು. ಮಕ್ಕಳಿಗೆ ಆಸ್ಪಿರಿನ್ ಅನ್ನು ಅಂಗಡಿಯಿಂದ ತಂದು ಕೊಡಲೇಬೇಡಿ. ಊಟಕ್ಕೆ ಬೇರೆ ಪಥ್ಯ ಬೇಡ: ಜೋಳದ ರೊಟ್ಟಿ, ಕಾಳುಪಲ್ಲೆ, ಸೊಪ್ಪು, ಮೊಸರು, ಶೇಂಗಾ ಹಿಂಡಿ, ತಿನ್ನುವವರಿಗೆ ಮೊಟ್ಟೆ. ಒಂದೇ ಸಲ ತಿನ್ನಲಾಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಐದು ಸಲ ಕೊಡಿ.

ವಾಸನೆ ಮರಳದಿದ್ದರೆ ಮೂಗಿಗೆ ಅಭ್ಯಾಸ ಮಾಡಿಸಬಹುದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕು ವಾಸನೆಗಳನ್ನು ಒಂದೊಂದಾಗಿ ಸುಮಾರು 20 ಸೆಕೆಂಡು, ದಿನಕ್ಕೆರಡು ಬಾರಿ, ಆ ವಾಸನೆಯನ್ನು ನೆನಪಿಸಿಕೊಳ್ಳುತ್ತ ಮೂಸಬೇಕು. ತಿಂಗಳುಗಳೇ ಹಿಡಿಯುತ್ತವೆ. ನೀಲಗಿರಿ ಎಣ್ಣೆಯನ್ನು ಮೂಗಿಗೆ ಹಚ್ಚಬಾರದು, ಕುಡಿಯದಂತೆ ಎತ್ತರದಲ್ಲಿಡಬೇಕು. ವಾಸನೆಯಿಲ್ಲದ ಮಗುವಿಗೆ ಅಡುಗೆ ಅನಿಲ ಸೋರಿದ್ದು ಗೊತ್ತಾಗುವುದಿಲ್ಲ, ಹಾಗಾಗಿ ಒಲೆಯ ಕೆಲಸವನ್ನು ಆ ಮಗುವೊಂದಕ್ಕೇ ಬಿಡಬೇಡಿ.

ಹಂತ 7: ಶಾಲೆಗೆ ಬರಹದಲ್ಲಿ ಕೇಳಿ

ಬಾಯಿಮಾತಿನಲ್ಲಿ ಹೇಳಿದ್ದು ಶಿಕ್ಷಕರು ಬದಲಾದಾಗ ಮರೆತುಹೋಗುತ್ತದೆ. ವೈದ್ಯರ ಪತ್ರದ ಜೊತೆ ಮುಖ್ಯೋಪಾಧ್ಯಾಯರಿಗೆ ಒಂದು ಅರ್ಜಿ ಕೊಟ್ಟು, ಅದರ ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ. ಒಕ್ಕಣೆ ಹೀಗಿರಬಹುದು:

"ಮಾನ್ಯರೇ, ನನ್ನ ಮಗಳು 9ನೇ ತರಗತಿಯಲ್ಲಿ ಓದುತ್ತಿದ್ದಾಳೆ. ಸೋಂಕಿನ ನಂತರ ಉಳಿದ ತೊಂದರೆಗಳಿಂದಾಗಿ ಶ್ರಮವಾದ ಒಂದೆರಡು ದಿನಗಳಲ್ಲಿ ಅವಳಿಗೆ ತೀವ್ರ ಸುಸ್ತಾಗುತ್ತದೆ. ವೈದ್ಯರ ಪತ್ರವನ್ನು ಲಗತ್ತಿಸಿದ್ದೇನೆ. ಮುಂದಿನ ಮೂರು ತಿಂಗಳು ಪ್ರಾರ್ಥನೆಯ ವೇಳೆ ಕುಳಿತಿರಲು, ನೀರು ಕುಡಿಯಲು, ಮಧ್ಯಾಹ್ನ ಅರ್ಧ ತಾಸು ಮಲಗಲು, ಅಗತ್ಯವಿದ್ದ ದಿನ ಅರ್ಧ ದಿನ ಮಾತ್ರ ಬರಲು, ದೈಹಿಕ ಶಿಕ್ಷಣದ ವೇಳೆ ಓಟದ ಬದಲು ಅಂಕ ಬರೆಯುವಂಥ ಕೆಲಸ ಮಾಡಲು ಅವಕಾಶ ಕೊಡಬೇಕೆಂದು ವಿನಂತಿಸುತ್ತೇನೆ."

ಅಂಕ ಬರೆಯುವ ಕೆಲಸವನ್ನು ಬೇಕೆಂದೇ ಸೇರಿಸಿದ್ದೇನೆ. ಆಟದಿಂದ ಪೂರ್ತಿ ಹೊರಗಿಟ್ಟು ತರಗತಿಯಲ್ಲಿ ಒಬ್ಬಳನ್ನೇ ಕೂರಿಸಿದರೆ ಗೆಳತಿಯರೂ ದೂರವಾಗುತ್ತಾರೆ. ತರಗತಿ ಮೇಲ್ಮಹಡಿಯಲ್ಲಿದ್ದರೆ ಕೆಳಗೆ ಬದಲಿಸಲು ಕೇಳಿ. ಹಳ್ಳಿಯಿಂದ ತಾಲ್ಲೂಕು ಊರಿಗೆ ತುಂಬಿದ ಬಸ್ಸಿನಲ್ಲಿ ನಿಂತು ಬರುವ ಮಗು ಮೊದಲ ಪಾಠಕ್ಕೆ ಮುಂಚೆಯೇ ದಿನದ ಪಾಲನ್ನು ಕಳೆದಿರುತ್ತದೆ. ಕಂಡಕ್ಟರ್‌ಗೆ ಹೇಳಿ ಸೀಟು ಕೊಡಿಸುವುದು ಸಣ್ಣ ಕೆಲಸ, ಲಾಭ ದೊಡ್ಡದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಂಥ ಕಡೆ ಓದುವ ಮಕ್ಕಳ ವಿಷಯದಲ್ಲಿ ವಾರ್ಡನ್ ಮತ್ತು ದೈಹಿಕ ಶಿಕ್ಷಕರಿಗೂ ಅರ್ಜಿಯ ಪ್ರತಿ ತಲುಪಲಿ, ಬೆಳಗಿನ ಕವಾಯತು ಅಲ್ಲಿ ದಿನನಿತ್ಯದ್ದು.

ಹತ್ತನೆಯ ತರಗತಿಯ ಪಾಲಕರ ಚಿಂತೆ ಬೇರೆ. ಶೇ 75ರ ಹಾಜರಾತಿ ನಿಯಮವಿರುವುದರಿಂದ ವೈದ್ಯಕೀಯ ದಾಖಲೆಗಳನ್ನು ವರ್ಷದ ಕೊನೆಗೆ ಒಟ್ಟಿಗೆ ಕೊಡದೆ, ಗೈರುಹಾಜರಾದ ವಾರವೇ ಕೊಡುತ್ತ ಬನ್ನಿ. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆಗೆ ಕೂರುವ ವ್ಯವಸ್ಥೆ 2024ರಲ್ಲಿ ಜಾರಿಗೆ ಬಂದಿದೆ. ನೋಂದಣಿಯ ನಿಯಮವನ್ನು ಶಾಲೆಯಲ್ಲಿ ಕೇಳಿ ತಿಳಿದು, ಪರೀಕ್ಷೆಯ ವಾರ ಕುಸಿತ ಬಂದರೂ ವರ್ಷ ಹೋಗುವುದಿಲ್ಲ ಎಂದು ಮಗುವಿಗೆ ಮೊದಲೇ ಹೇಳಿ.

ಹಂತ 8: ಮನಸ್ಸಿನ ಕಡೆ ನೋಡಿ

ತಿಂಗಳುಗಟ್ಟಲೆ ಆಡಲಾಗದ, ಓದಿದ್ದು ನೆನಪಿರದ ಮಗುವಿಗೆ ಆತಂಕ, ಖಿನ್ನತೆ ಬರುವುದು ಸಹಜ. ಅವಕ್ಕೆ ಚಿಕಿತ್ಸೆ ಕೊಡಿಸಬೇಕು. ಆದರೆ ಅವು ಇವೆ ಎಂಬುದರಿಂದ ಮೈಯ ತೊಂದರೆ ಸುಳ್ಳಾಗುವುದಿಲ್ಲ. ಬಂಧುಗಳು ಮಗುವಿನ ಮುಂದೆಯೇ "ಏನೂ ಆಗಿಲ್ಲ, ಮನಸ್ಸು ಗಟ್ಟಿ ಮಾಡ್ಕೊ ತಮ್ಮಾ" ಎಂದಾಗ ನೀವು ಸುಮ್ಮನಿರಬೇಡಿ. ಹಿರಿಯರು ದೃಷ್ಟಿ ತೆಗೆಯುತ್ತೇವೆ ಎಂದರೆ ಅವರ ಸಮಾಧಾನಕ್ಕೆ ತೆಗೆಯಲಿ, ಅದರಿಂದ ಮಗುವಿಗೆ ತೊಂದರೆಯಿಲ್ಲ. ಬರೆ ಹಾಕಿಸುವುದು, ಉಪವಾಸ ಕೆಡವುವುದು, ದೂರದ ಗುಡಿಗೆ ನಡೆಸಿಕೊಂಡು ಹೋಗುವುದು ಬೇಡವೇ ಬೇಡ. ಮನೆಯ ಇನ್ನೊಂದು ಮಗುವನ್ನೂ ಮರೆಯಬೇಡಿ, ಅಣ್ಣನ ಪಾಲಿನ ಕೆಲಸವೆಲ್ಲ ತನ್ನ ಮೇಲೆ ಬಿತ್ತೆಂದು ಒಳಗೇ ಕುದಿಯುವ ತಂಗಿಯರಿದ್ದಾರೆ.

ಹಂತ 9: ಮರುಸೋಂಕು ಮತ್ತು ಮರುಭೇಟಿ

2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದರೂ ವೈರಾಣು ಹೋಗಿಲ್ಲ. ಸುಧಾರಿಸುತ್ತಿರುವ ಮಗು ಮತ್ತೆ ಸೋಂಕಿಗೆ ಸಿಕ್ಕರೆ ಹಿಂದಕ್ಕೆ ಜಾರಬಹುದು. ಮನೆಯಲ್ಲಿ ಯಾರಿಗಾದರೂ ಜ್ವರ, ನೆಗಡಿ ಬಂದರೆ ಅವರು ಮಾಸ್ಕ್ ಹಾಕಲಿ, ಕಿಟಕಿಗಳು ತೆರೆದಿರಲಿ. ಲಸಿಕೆಯ ವಿಷಯವನ್ನು ಮಗುವಿನ ವೈದ್ಯರಲ್ಲಿ ಮಾತನಾಡಿ. ಹೊಸ ಜ್ವರ ಬಂದು ಇಳಿದ ಮೇಲೆ, ಎಷ್ಟೇ ಉತ್ಸಾಹ ಕಂಡರೂ, ಎರಡು ವಾರ ಬುಡದ ಅಳತೆಯ ಅರ್ಧಕ್ಕೆ ಇಳಿಸಿ.

ವೈದ್ಯರನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಕಾಣಿ. ಹೋಗುವ ಹಿಂದಿನ ರಾತ್ರಿ ಡೈರಿಯನ್ನು ಒಂದೇ ಪುಟಕ್ಕೆ ಇಳಿಸಿ: ಎಷ್ಟು ದಿನ ಶಾಲೆಗೆ ಹೋಯಿತು, ಎಷ್ಟು ಸಲ ಕುಸಿತ ಬಂತು, ಪ್ರತಿಯೊಂದರ ಹಿಂದಿನ ಎರಡು ದಿನ ಏನಾಗಿತ್ತು, ಈಗಿನ ತೂಕ ಎಷ್ಟು, ಯಾವ ಔಷಧಿ ನಡೆದಿದೆ, ನಿಮ್ಮ ಮೂರು ಪ್ರಶ್ನೆಗಳು ಯಾವುವು. ಕೆಳಗೆ ಎರಡು ಸಾಲು ಖಾಲಿ ಬಿಟ್ಟು, ಅಲ್ಲಿ ತನಗೆ ಹೇಳಬೇಕಾದದ್ದನ್ನು ಬರೆಯಲು ಮಗುವಿನ ಕೈಗೇ ಪೆನ್ನು ಕೊಡಿ.